ಧರ್ಮದ ದಟ್ಟಿಗೆ ಮೊಳ ಹಾಕೋಣ

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ವಯಸ್ಸಾದವರು ಸರ್ಕಾರಿ ಆಸ್ಪತ್ರೆಗೆ ಇವತ್ತಿಗೂ 'ಧರ್ಮಾಸ್ಪತ್ರೆ' ಎನ್ನುತ್ತಾರೆ. ಈ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ಬೋರ್ಡಿನ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಂತಿರುತ್ತೆ, ಸಮುದಾಯ ಆರೋಗ್ಯ ಕೇಂದ್ರ ಅಂತಿರುತ್ತೆ, ಸಾರ್ವಜನಿಕ ಆಸ್ಪತ್ರೆ ಅಂತಿರುತ್ತೆ. ಆದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿಯನ್ನು ಎಲ್ಲಿಗೆ ಹೊರಟೆ ಅಂತ ಕೇಳಿದರೆ 'ದರ್ಮಾಸ್ಪತ್ರೆಗೆ ಕಣಪ್ಪ' ಎಂಬ ಉತ್ತರವೇ ಬರುತ್ತದೆ. ತಮಿಳಿನಲ್ಲೂ ತೆಲುಗಿನಲ್ಲೂ ಹಳ್ಳಿ ಬಾಯಲ್ಲಿ ಇದೇ ಪದ ಇದೆ. ಯಾವ ಮಂತ್ರಿಯೂ ಟೇಪು ಕತ್ತರಿಸಿ ಉದ್ಘಾಟಿಸದ ಈ ಹೆಸರು ಇಷ್ಟು ಜನರ ನಾಲಿಗೆಯ ಮೇಲೆ ಹೇಗೆ ನಿಂತಿತು? ನಿಂತುಕೊಂಡು ಅದು ಯಾರ ಕೆಲಸ ಮಾಡುತ್ತಿದೆ? ನಾವು ಇಲ್ಲಿ ಎತ್ತಬೇಕೆಂದಿರುವುದು ಇಷ್ಟನ್ನೇ.

ಒಂದು ಪದ ಹಿಡಿದುಕೊಂಡು ಕೂರುವುದು ಪಂಡಿತರ ಚಟ, ಹೋರಾಟಗಾರರಿಗೆ ಯಾಕೆ ಅಂತ ಕೆಲವು ಗೆಳೆಯರು ಕೇಳಬಹುದು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದರು. ಆ ಒಂದು ಪದಕ್ಕಾಗಿ ಅವರು ಮಂತ್ರಿ ಪದವಿ ಬಿಡಬೇಕಾಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಪದವನ್ನು ಮೊರಕ್ಕೆ ಹಾಕಿ ಕೇರುವುದು ಬರೀ ಪಂಡಿತರ ಕೆಲಸವಾಗಿದ್ದರೆ ಅವತ್ತು ಅಷ್ಟು ಕಲ್ಲು ತೂರಾಟ ಯಾಕಾಗುತ್ತಿತ್ತು? ನಮ್ಮ ಚಳವಳಿ ಹುಟ್ಟಿದ್ದೇ ಹಾಗೆ ಕೇರಿದ ಧೂಳಿನಲ್ಲಿ. ಈಗ ಇನ್ನೊಂದು ಪದವನ್ನು ಮೊರಕ್ಕೆ ಹಾಕೋಣ.

೧

ನಿಘಂಟಿನ ಧರ್ಮ ಬೇರೆ, ಬೀದಿಯ ಧರ್ಮ ಬೇರೆ. ನಿಘಂಟಿನಲ್ಲಿ ಅದು ದೊಡ್ಡ ಪದ, ಅದಕ್ಕೆ ಹತ್ತಾರು ಅರ್ಥ. ಬೀದಿಯಲ್ಲಿ ಅದು 'ಧರ್ಮ ಮಾಡಿ ತಾಯೀ' ಎಂದು ಬಾಗಿಲಲ್ಲಿ ನಿಂತ ಕೂಗು. 'ಧರ್ಮಕ್ಕೆ ಸಿಕ್ತು' ಅಂದರೆ ಕಾಸಿಲ್ಲದೆ ಸಿಕ್ಕಿತು. 'ಇಲ್ಲೇನು ಧರ್ಮಕ್ಕೆ ಬಿದ್ದಿದೆಯಾ' ಅಂದರೆ ಕೈ ತೆಗೆ, ಮುಟ್ಟಬೇಡ. 'ಧರ್ಮದೇಟು' ಅಂದರೆ ಬೀದಿಯಲ್ಲಿ ಸಿಕ್ಕಿಬಿದ್ದವನಿಗೆ ದಾರಿಹೋಕರೆಲ್ಲ ಬಿಟ್ಟಿಯಾಗಿ ಹಾಕುವ ಏಟು. ಹೀಗೆ ನಮ್ಮ ಜನರ ಬಾಯಲ್ಲಿ ಧರ್ಮ ಅಂದರೆ ಬಿಟ್ಟಿ. ಕೊಡುವವನ ಮರ್ಜಿ, ತೆಗೆದುಕೊಳ್ಳುವವನ ಹಣೆಬರಹ.

ಇದೇ ಕುಲದ ಇನ್ನೆರಡು ಪದಗಳಿವೆ. ಒಂದು ಧರ್ಮಛತ್ರ. ಪುಕ್ಕಟೆ ಅನ್ನ, ಪುಕ್ಕಟೆ ನೆರಳು. ಆದರೆ ಆ ನೆರಳಿನಲ್ಲಿ ಯಾರು ಮಲಗಬಹುದಿತ್ತು, ಆ ಪಂಕ್ತಿಯಲ್ಲಿ ಯಾರು ಕೂರಬಹುದಿತ್ತು ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಇನ್ನೊಂದು ಧರ್ಮದರ್ಶನ. ದೊಡ್ಡ ದೇವಸ್ಥಾನಗಳಲ್ಲಿ ದುಡ್ಡು ಕೊಟ್ಟವರಿಗೆ ವಿಶೇಷ ದರ್ಶನದ ಬಾಗಿಲು, ಕೊಡದವರಿಗೆ ಧರ್ಮದರ್ಶನದ ಉದ್ದನೆಯ ಸಾಲು. ಎರಡು ಸಾಲಿನ ಕೊನೆಗೂ ಇರುವುದು ಒಂದೇ ಕಲ್ಲು. ಕಾಯಿಸುವ ಹೊತ್ತು ಮಾತ್ರ ಬೇರೆ. ಧರ್ಮಾಸ್ಪತ್ರೆಯ ಜನರಲ್ ವಾರ್ಡು ಈ ಎರಡು ಪದಗಳ ನಡುವಿನ ಜಾಗ. ವೈದ್ಯನೇ ನಾರಾಯಣ ಎಂಬ ಮಾತನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ವೈದ್ಯ ದೇವರಾದ ಮೇಲೆ ಆಸ್ಪತ್ರೆ ಗುಡಿಯಾಗುತ್ತದೆ. ಆಸ್ಪತ್ರೆ ಗುಡಿಯಾದ ಮೇಲೆ ನಾವು ಎಲ್ಲಿ ನಿಲ್ಲಬೇಕು ಎಂಬುದನ್ನು ಸಾವಿರಾರು ವರ್ಷಗಳ ಹಿಂದೆಯೇ ಗೆರೆ ಎಳೆದು ತೋರಿಸಿಬಿಟ್ಟಿದ್ದಾರೆ.

ಉತ್ತರ ಕರ್ನಾಟಕದ ಗೆಳೆಯರು ಇಲ್ಲಿ ಒಂದು ಮಾತು ಹೇಳುತ್ತಾರೆ: 'ನಮ್ಮ ಕಡಿ ಇದಕ ದವಾಖಾನಿ ಅಂತೀವಿ'. ದವಾ ಅಂದರೆ ಔಷಧ, ಖಾನೆ ಅಂದರೆ ಮನೆ. ಈ ಪದದಲ್ಲಿ ಪುಣ್ಯದ ವಾಸನೆ ಇಲ್ಲ. ಒಳಗೆ ಏನಿರಬೇಕೋ ಅದನ್ನಷ್ಟೇ ಅದು ಹೇಳುತ್ತದೆ. ದವಾಖಾನೆಯಲ್ಲಿ ದವಾ ಇಲ್ಲದಿದ್ದರೆ ಆ ಹೆಸರೇ ಸುಳ್ಳಾಗುತ್ತದೆ. ಜನ ನಿಂತು ಕೇಳಬಹುದು. ಧರ್ಮಾಸ್ಪತ್ರೆಯಲ್ಲಿ ಔಷಧ ಇಲ್ಲದಿದ್ದರೆ ಹೆಸರಿಗೆ ಏನೂ ಆಗುವುದಿಲ್ಲ. ಧರ್ಮಕ್ಕೆ ಕೊಡುವವರು ಇದ್ದಾಗ ಕೊಡುತ್ತಾರೆ, ಇಲ್ಲದಾಗ ಮುಂದಕ್ಕೆ ಹೋಗು ಎನ್ನುತ್ತಾರೆ. ಅದಕ್ಕೆ ಕೇಳುವವರು ಯಾರು?

ಹೆಸರು ಆಕಾಶದಿಂದ ಉದುರಿದ್ದೇನಲ್ಲ. ಬ್ರಿಟಿಷರ ಕಾಲದ ಆಡಳಿತದ ಕಾಗದಗಳಲ್ಲಿ 'ಚಾರಿಟಬಲ್ ಡಿಸ್ಪೆನ್ಸರಿ' ಎಂಬ ಮಾತೇ ಇತ್ತು. ದೊಡ್ಡ ಆಸ್ಪತ್ರೆಗಳಿಗೆ ರಾಜ ರಾಣಿಯರ ಹೆಸರು ಇಟ್ಟರು. ಬೆಂಗಳೂರಿನಲ್ಲಿ 1900ರಲ್ಲಿ ತೆರೆದ ವಿಕ್ಟೋರಿಯಾ, 1935ರ ವಾಣಿವಿಲಾಸ, ಮೈಸೂರಿನಲ್ಲಿ ಜನ ದೊಡ್ಡಾಸ್ಪತ್ರೆ ಎನ್ನುವ ಕೃಷ್ಣರಾಜೇಂದ್ರ. ಆ ಕಟ್ಟಡಗಳು ಲಕ್ಷಾಂತರ ಬಡವರ ಜೀವ ಉಳಿಸಿವೆ. ಅದನ್ನು ಅಲ್ಲಗಳೆಯುವ ಮೂರ್ಖತನ ನಮಗೆ ಬೇಡ. ಆದರೆ ಕಂದಾಯ ಕಟ್ಟಿದ್ದು ರೈತ, ಕಲ್ಲು ಹೊತ್ತಿದ್ದು ಒಡ್ಡರು, ಹೆಸರು ಮಾತ್ರ ಮಹಾರಾಣಿಯದು. ರಾಜ ಹೋದ, ರಾಣಿ ಹೋದಳು. ಕೊಡುಗೈ ದೊರೆಯ ಮುಂದೆ ಬಗ್ಗಿಸಿದ ಬೆನ್ನು ಮಾತ್ರ ಆ ಪದದಲ್ಲಿ ಹಾಗೇ ಉಳಿದುಕೊಂಡಿತು.

೨

ಈ ಪದದ ನಿಜವಾದ ಕಾವಲುಗಾರ ಒಂದು ಗಾದೆ. 'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ.' ನಗುತ್ತ ನಗುತ್ತ ನಾವೆಲ್ಲ ಆಡಿರುವ ಮಾತು. ಬಿಟ್ಟಿ ಬಟ್ಟೆ ಸಿಕ್ಕಿದ ಬಡವ ಅದು ಎಷ್ಟು ಮೊಳ ಇದೆ ಅಂತ ಅಳೆದು ನೋಡಿದನಂತೆ, ಎಂಥ ಕೃತಘ್ನ, ಎಂಥ ಅಲ್ಪ! ಗಾದೆಯ ನಗು ಪೂರಾ ಬಡವನ ಮೇಲೆ. ಕೊಟ್ಟವನು ಗೇಣುದ್ದದ ಚಿಂದಿ ಕೊಟ್ಟನೋ, ಉಡಬಹುದಾದ ದಟ್ಟಿ ಕೊಟ್ಟನೋ ಎಂಬ ಪ್ರಶ್ನೆಯೇ ಅದರಲ್ಲಿ ಇಲ್ಲ. ಬಡವ ಹಿತ್ತಲಿಗೆ ಯಾಕೆ ಹೋದ ಎಂಬುದನ್ನೂ ಗಾದೆ ಕೇಳುವುದಿಲ್ಲ. ಅಂಗಳದಲ್ಲಿ ಅಳೆದರೆ ಒದೆ ಬೀಳುತ್ತಿತ್ತು, ಅದಕ್ಕೇ ಹೋದ.

ಧರ್ಮಾಸ್ಪತ್ರೆ ಎಂಬ ಪದ ಮಾಡುವ ಕೆಲಸ ಇದೇ. ಅದು ನಮ್ಮ ಅಳೆಯುವ ಕೈಯನ್ನು ಕಟ್ಟಿಹಾಕುತ್ತದೆ. ಬೆಳಿಗ್ಗೆ ಎಂಟಕ್ಕೆ ಬಂದು ಮಧ್ಯಾಹ್ನ ಒಂದರವರೆಗೆ ಕಾದವಳು ಡಾಕ್ಟರು ಎಷ್ಟೊತ್ತಿಗೆ ಬರ್ತಾರೆ ಅಂತ ಕೇಳುವುದಿಲ್ಲ. ಚೀಟಿಯಲ್ಲಿ ನಾಲ್ಕು ಔಷಧ ಬರೆದು, ಎರಡು ಕೊಟ್ಟು, ಇನ್ನೆರಡು ಹೊರಗಡೆ ಮೆಡಿಕಲ್ಲಲ್ಲಿ ತಗೋ ಎಂದಾಗ ಯಾಕೆ ಅನ್ನುವುದಿಲ್ಲ. ಹೆರಿಗೆ ವಾರ್ಡಿನ ಬಾಗಿಲಲ್ಲಿ ಗಂಡು ಮಗು ಆಯ್ತು ಕಾಫಿಗೆ ಕೊಡಿ ಎಂದು ಚಾಚಿದ ಕೈಗೆ ಸೆರಗಿನ ಗಂಟು ಬಿಚ್ಚಿ ಕೊಡುತ್ತಾಳೆ. ನೀವು ಕೇಳಿ ನೋಡಿ: ಯಾಕಮ್ಮಾ ಸುಮ್ಮನಿದ್ದೆ? 'ಧರ್ಮಕ್ಕೆ ನೋಡ್ತಾರೆ, ನಾವು ಎದುರು ಮಾತಾಡೋಕಾಗ್ತದಾ?' ಇದು ಹೆದರಿಕೆ ಒಂದೇ ಅಲ್ಲ. ಋಣದಲ್ಲಿ ಇದ್ದೇವೆ ಎಂಬ ನಂಬಿಕೆ. ಜೀತಗಾರನ ಸಾಲದ ಹಾಗೆ ಈ ಋಣವೂ ಎಷ್ಟು ತೀರಿಸಿದರೂ ತೀರದು, ಯಾಕೆಂದರೆ ಅದರ ಲೆಕ್ಕ ಬರೆದಿಟ್ಟವರೇ ಇಲ್ಲ.

ಹಾಗಾದರೆ ಲೆಕ್ಕ ನಾವೇ ಬರೆಯೋಣ. ಈ ಆಸ್ಪತ್ರೆ ಯಾರ ದುಡ್ಡು? ಕಾರ್ಖಾನೆ ಕಾರ್ಮಿಕರ ಇಎಸ್‌ಐ ಆಸ್ಪತ್ರೆಗೆ ಯಾರೂ ಧರ್ಮಾಸ್ಪತ್ರೆ ಎನ್ನುವುದಿಲ್ಲ. ಗಮನಿಸಿದ್ದೀರಾ? 1948ರ ಕಾಯಿದೆಯಿಂದ ಹುಟ್ಟಿದ ಅದು ನಡೆಯುವುದು ಕಾರ್ಮಿಕನ ವಂತಿಗೆ ಮತ್ತು ಮಾಲೀಕನ ವಂತಿಗೆಯಿಂದ. 2019ರ ಜುಲೈಯಿಂದ ಸಂಬಳದ ನೂರಕ್ಕೆ 0.75 ಕಾರ್ಮಿಕನದು, 3.25 ಮಾಲೀಕನದು. ಸಂಬಳದ ಚೀಟಿಯಲ್ಲಿ ಹಿಡಿದುಕೊಂಡ ದುಡ್ಡು ಕಣ್ಣಿಗೆ ಕಾಣುತ್ತದೆ. ಅದಕ್ಕೇ ಅಲ್ಲಿ ಔಷಧ ಇಲ್ಲದಿದ್ದರೆ ಯೂನಿಯನ್ನಿನವರು ಮೇಜು ಗುದ್ದಿ ಕೇಳುತ್ತಾರೆ. ಕೂಲಿಯವಳ ದುಡ್ಡು ಹಾಗೆ ಕಾಣುವುದಿಲ್ಲ. ಅವಳು ಕೊಳ್ಳುವ ಸೋಪಿನಲ್ಲಿ, ಬೆಂಕಿಪೊಟ್ಟಣದಲ್ಲಿ, ಮಗುವಿನ ಬಿಸ್ಕತ್ತಿನಲ್ಲಿ, ಗಂಡನ ಬೀಡಿಯಲ್ಲಿ ತೆರಿಗೆ ಅಡಗಿ ಕೂತಿದೆ. ಅವನು ಸಂಜೆ ಕುಡಿಯುವ ಕ್ವಾರ್ಟರಿನ ಅಬಕಾರಿ ಸುಂಕ ನೆಟ್ಟಗೆ ರಾಜ್ಯ ಸರ್ಕಾರದ ಬೊಕ್ಕಸಕ್ಕೆ ಬೀಳುತ್ತದೆ. ಕೂಲಿಯಿಂದ ಎಳೆಎಳೆಯಾಗಿ ನೂಲು ಎಳೆದುಕೊಂಡು, ಅದನ್ನೇ ನೇಯ್ದು, ಅವಳ ಕೈಗೇ ದಟ್ಟಿ ಕೊಟ್ಟು, ಧರ್ಮಕ್ಕೆ ಕೊಟ್ಟೆವು ನಮಸ್ಕಾರ ಮಾಡು ಎನ್ನುವುದು ಯಾವ ಊರ ನ್ಯಾಯ?

೩

ಮೊಳ ಹಾಕಲು ಕಡ್ಡಿ ಬೇಕಾಗಿಲ್ಲ. ಮೊಣಕೈಯಿಂದ ಬೆರಳ ತುದಿಯವರೆಗಿನ ನಮ್ಮ ತೋಳೇ ಅಳತೆ. ಆದರೆ ಕೊಡಬೇಕಾದ್ದು ಎಷ್ಟು ಮೊಳ ಎಂದು ಗೊತ್ತಿರಬೇಕು. ಅದು ಗೊತ್ತಾಗದ ಹಾಗೆ ಇಡುವುದರಲ್ಲಿಯೇ ವ್ಯವಸ್ಥೆಯ ಹುನ್ನಾರ ಇರುವುದು. ನಮ್ಮಲ್ಲಿ ಬಹಳಷ್ಟು ಜನ ಮನೆಯಲ್ಲಿ ಚೀಟಿ ಓದಲು ಬಲ್ಲ ಮೊದಲ ತಲೆಮಾರು. ಓದಿದ್ದಕ್ಕೆ ಸಾರ್ಥಕವಾಗಬೇಕಾದರೆ ಈ ಅಳತೆಗಳನ್ನು ಓದಿ ಕೇರಿಗೆ ತಿಳಿಸಬೇಕು.

ಮೊದಲನೆಯ ಅಳತೆ ಸ್ವಾತಂತ್ರ್ಯಕ್ಕೂ ಮುಂಚಿನದು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದನ್ನೇ ತಳಪಾಯ ಮಾಡಿಕೊಂಡಿತು. ಅದರ ದೀರ್ಘಾವಧಿ ಯೋಜನೆಯಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನಕ್ಕೆ 75 ಹಾಸಿಗೆಯ ಒಂದು ಆಸ್ಪತ್ರೆ ಇತ್ತು. ಎಂಟು ದಶಕ ಆಯಿತು. ಈಗಿನ ಸರ್ಕಾರಿ ಮಾನದಂಡದಲ್ಲಿ ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ; ಅದರಲ್ಲಿ 4ರಿಂದ 6 ಹಾಸಿಗೆ. 75 ಎಲ್ಲಿ, 6 ಎಲ್ಲಿ? ದಟ್ಟಿಯ ಉಳಿದ ಭಾಗ ಕತ್ತರಿಸಿಕೊಂಡವರು ಯಾರು?

ಎರಡನೆಯ ಅಳತೆ ಸಂವಿಧಾನದ್ದು. 47ನೇ ವಿಧಿ ಸಾರ್ವಜನಿಕ ಆರೋಗ್ಯವನ್ನು ಸುಧಾರಿಸುವುದು ರಾಜ್ಯದ ಆದ್ಯ ಕರ್ತವ್ಯಗಳಲ್ಲಿ ಒಂದು ಎಂದು ಹೇಳುತ್ತದೆ. ಕರ್ತವ್ಯ ಎಂದಿದೆ, ದಾನ ಎಂದಿಲ್ಲ. ಅದು ನಿರ್ದೇಶಕ ತತ್ತ್ವ ತಾನೇ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎನ್ನುವವರಿಗೆ ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರು ಉತ್ತರ ಕೊಟ್ಟಿದ್ದಾರೆ. 1992ರ ಜುಲೈನಲ್ಲಿ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿಯ ಒಬ್ಬ ಸದಸ್ಯ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸಲಕರಣೆ ಇಲ್ಲ ಅಂತ ಸಾಗಹಾಕಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಸುರಿದು ಬದುಕಬೇಕಾಯಿತು. ಅವರು ಹಣೆಬರಹ ಎಂದು ಸುಮ್ಮನಾಗಲಿಲ್ಲ, ಸಂಘದ ಜೊತೆ ಸುಪ್ರೀಂ ಕೋರ್ಟಿಗೆ ಹೋದರು. ತುರ್ತು ಚಿಕಿತ್ಸೆ ಕೊಡದೆ ಕಳಿಸಿದ್ದು 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ದುಡ್ಡಿಲ್ಲ ಎಂಬ ನೆಪ ಸರ್ಕಾರಕ್ಕೆ ಸಲ್ಲದು ಎಂದು 1996ರಲ್ಲಿ ತೀರ್ಪಾಯಿತು. 25,000 ರೂಪಾಯಿ ಪರಿಹಾರವೂ ಸಿಕ್ಕಿತು. ಕೂಲಿಕಾರರ ಸಂಘ ಅಂಗಳದಲ್ಲಿ ನಿಂತು ಮೊಳ ಹಾಕಿದ್ದು ಹೀಗೆ. ಈ ಕಥೆಯನ್ನು ನಮ್ಮ ಯಾವ ಪಠ್ಯಪುಸ್ತಕದಲ್ಲಿ ನೋಡಿದ್ದೀರಿ?

ಮೂರನೆಯ ಅಳತೆ ಹೆರಿಗೆಯದು. ಪ್ರತಿ ಕೇರಿಗೂ, ಪ್ರತಿ ಹಟ್ಟಿಗೂ, ಪ್ರತಿ ತಾಂಡಾಕ್ಕೂ ಬೇಕಾದ್ದು. 2011ರ ಜೂನ್‌ನಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ, ಸಿಸೇರಿಯನ್ ಆದರೂ ಸರಿ, ಬಾಣಂತಿ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಔಷಧ, ರಕ್ತ ಪರೀಕ್ಷೆ, ಬೇಕಾದರೆ ರಕ್ತ ಎಲ್ಲವೂ ಪುಕ್ಕಟೆ. ಸಹಜ ಹೆರಿಗೆಯಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟ. ಮನೆಯಿಂದ ಆಸ್ಪತ್ರೆಗೆ, ಬೇರೆ ಆಸ್ಪತ್ರೆಗೆ ಕಳಿಸಿದರೆ ಅಲ್ಲಿಗೆ, ಕೊನೆಗೆ ಆಸ್ಪತ್ರೆಯಿಂದ ಮನೆಗೆ ಗಾಡಿ. ಇಷ್ಟು ಮೊಳ ಬರೆದಿಟ್ಟಿದ್ದಾರೆ. ಇಷ್ಟನ್ನೂ ಪಡೆದ ಬಾಣಂತಿಯರು ನಿಮ್ಮ ಊರಿನಲ್ಲಿ ಎಷ್ಟು ಜನ? ಕಾಫಿಗೆ ಅಂತ ಸೆರಗಿನ ಗಂಟು ಬಿಚ್ಚಿದವರು ಎಷ್ಟು ಜನ?

ಇನ್ನು ದೇಶದ ಲೆಕ್ಕ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚವನ್ನು ಜಿಡಿಪಿಯ ನೂರಕ್ಕೆ 2.5ಕ್ಕೆ ಏರಿಸುತ್ತೇವೆ ಎಂದು ಮಾತು ಕೊಟ್ಟಿತು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ, ಅದೂ ಕೊರೊನಾ ವರ್ಷದಲ್ಲಿ, ಅದು 1.84. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ನೂರಕ್ಕೆ 39.4 ಭಾಗ ಜನ ತಮ್ಮ ಜೇಬಿನಿಂದಲೇ ಕೊಟ್ಟದ್ದು. ಧರ್ಮಕ್ಕೆ ನೋಡುತ್ತಾರೆ ಎಂಬ ಮಾತಿನ ನಿಜ ಇಷ್ಟು. ತೆರಿಗೆ ಕಟ್ಟಿದ್ದೂ ನಾವು, ಮೇಲಿನಿಂದ ಓಲೆ ಅಡವಿಟ್ಟು ಮೆಡಿಕಲ್ ಸ್ಟೋರಿಗೆ ಕಟ್ಟಿದ್ದೂ ನಾವು.

೪

ಅಳತೆಗೆ ಸಿಗದ ಇನ್ನೊಂದಿದೆ: ಮುಟ್ಟುವುದು. ಧರ್ಮ ಕೊಡುವ ಕೈ ಯಾವಾಗಲೂ ಮೇಲಿರುತ್ತದೆ, ಅಲ್ಲಿಂದ ಕೆಳಕ್ಕೆ ಬಿಡುತ್ತದೆ. ಬೊಗಸೆಗೆ ನೀರು ಹೊಯ್ದ ಹಾಗೆ ಮಾತ್ರೆಯನ್ನೂ ಹೊಯ್ಯಬಹುದು. ಗುಜರಾತ್ ಮತ್ತು ರಾಜಸ್ತಾನದ ಹಳ್ಳಿಗಳ ದಲಿತ ಮಕ್ಕಳಿಗೆ ಆರೋಗ್ಯ ಸೌಲಭ್ಯ ಹೇಗೆ ಸಿಗುತ್ತದೆ ಎಂದು ಸಂಘಮಿತ್ರ ಆಚಾರ್ಯ ಅವರು ಮಾಡಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧ ಕೊಡುವಾಗಲೂ ರೋಗ ನೋಡುವಾಗಲೂ ಮುಟ್ಟದೆ ದೂರ ಇಡುವುದು ದಾಖಲಾಗಿದೆ. ನಮ್ಮ ಕಡೆ ಹಾಗಿಲ್ಲ ಎಂದು ಎದೆ ತಟ್ಟಿಕೊಳ್ಳುವ ಮೊದಲು ನಿಮ್ಮ ಕೇರಿಯ ಒಬ್ಬ ಮುದುಕನನ್ನು ಕೇಳಿ: ಅಜ್ಜಾ, ನಿನ್ನ ಹೊಟ್ಟೆ ಮುಟ್ಟಿ ನೋಡಿ ಔಷಧ ಬರೆದರಾ, ಮುಖ ನೋಡಿ ಬರೆದರಾ? ಜಾತಿ ಕೇಳಿ ಬರೆದರಾ?

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರ ಇದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ತಮ್ಮ ಡಾಕ್ಟರು ಮಗ ಯಶವಂತನ ಜೊತೆ ಸೇರಿ ರೋಗಿಗಳ ಆರೈಕೆಗೆ ಇಳಿದರು. ಪ್ಲೇಗು ತಗುಲಿದ ದಲಿತ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದರು. ಆ ರೋಗ ಅವರಿಗೂ ತಗುಲಿ ಅದೇ ವರ್ಷ ಮಾರ್ಚಿ 10ರಂದು ತೀರಿಕೊಂಡರು. ಧರ್ಮ ಮಾಡುವವರು ಯಾರನ್ನೂ ಬೆನ್ನ ಮೇಲೆ ಹೊರುವುದಿಲ್ಲ. ಆಸ್ಪತ್ರೆ ಎಂಬುದಕ್ಕೆ ನಮ್ಮದೇ ಒಂದು ಪದ ಹುಟ್ಟುವುದಾದರೆ ಅದು ಆ ಬೆನ್ನಿನಿಂದ ಹುಟ್ಟಬೇಕು.

೫

ಹೊಸ ಕಾಲದವರು ಹೇಳಬಹುದು: ಧರ್ಮಾಸ್ಪತ್ರೆ ಅಜ್ಜಿಯರ ಮಾತು, ಅಜ್ಜಿಯರ ಜೊತೆಗೇ ಹೋಗುತ್ತದೆ, ಈಗಿನ ಹುಡುಗರು ಗೌರ್ಮೆಂಟ್ ಹಾಸ್ಪಿಟಲ್ ಅಂತಾರೆ. ನಿಜ. ಆದರೆ ಮುದುಕಿ ಹೋಗುವ ಮುಂಚೆ ಸೊಸೆಯರನ್ನು ತಂದಿಟ್ಟು ಹೋಗಿದ್ದಾಳೆ.

ದೊಡ್ಡ ಸೊಸೆಯ ಹೆಸರು 'ಫಲಾನುಭವಿ'. ಸರ್ಕಾರದ ಯಾವ ಯೋಜನೆಯ ಕಾಗದ ತೆಗೆದರೂ ನಾವು ಪ್ರಜೆಗಳಲ್ಲ, ಹಕ್ಕುದಾರರಲ್ಲ, ಫಲಾನುಭವಿಗಳು. ಅಂದರೆ ನೆಟ್ಟವರು ಬೇರೆ ಯಾರೋ, ನೀರು ಹಾಕಿದವರು ಬೇರೆ ಯಾರೋ, ನಾವು ಬಂದು ಹಣ್ಣು ತಿಂದುಹೋಗುವವರು. ಬೆಳಗಿನಿಂದ ಸಂಜೆವರೆಗೆ ಇನ್ನೊಬ್ಬರ ತೋಟದಲ್ಲಿ ಪಾತಿ ಮಾಡಿದವಳಿಗೆ ಈ ಬಿರುದು! ಬಾಣಂತಿಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಏಳುನೂರು ರೂಪಾಯಿ ಕೊಡುವಾಗ ಫಲಾನುಭವಿಯ ಸಹಿ ಕೇಳುತ್ತಾರೆ. ಕಾಂಟ್ರಾಕ್ಟರನಿಗೆ ಕೋಟಿ ಕೊಡುವಾಗ ಅವನನ್ನು ಯಾರೂ ಫಲಾನುಭವಿ ಎನ್ನುವುದಿಲ್ಲ.

ಎರಡನೆಯವಳು 'ಗೌರವಧನ'. ಇವಳು ಆಸ್ಪತ್ರೆಗೆ ಬರುವವರನ್ನು ಬಿಟ್ಟು, ಆಸ್ಪತ್ರೆಗಾಗಿ ದುಡಿಯುವವರನ್ನು ಹಿಡಿದಿದ್ದಾಳೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆಯರು ಬಂದರು, ಸಾವಿರ ಜನಕ್ಕೆ ಒಬ್ಬರಂತೆ. ಗರ್ಭಿಣಿಯ ಪಟ್ಟಿ, ಮಗುವಿನ ಲಸಿಕೆ, ಕ್ಷಯರೋಗಿಯ ಮಾತ್ರೆ, ಕೊರೊನಾದಲ್ಲಿ ಮನೆ ಮನೆ ಸುತ್ತಾಟ, ಎಲ್ಲ ಅವರ ತಲೆಯ ಮೇಲೆ. ಅವರ ಹೆಸರಿನ ಇಂಗ್ಲಿಷನ್ನು ಬಿಡಿಸಿದರೆ ಕೊನೆಗೆ 'ಆಕ್ಟಿವಿಸ್ಟ್' ಅಂತ ಇದೆ. ಸಂಬಳ ಕೇಳಿದರೆ ಮಾತ್ರ ನೀವು ಸ್ವಯಂಸೇವಕಿಯರು, ನಿಮಗಿರುವುದು ಗೌರವಧನ ಮತ್ತು ಪ್ರೋತ್ಸಾಹಧನ ಎಂಬ ಉತ್ತರ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಇದೇ ಹೆಣ್ಣುಮಕ್ಕಳು ಹಗಲು ರಾತ್ರಿ ಚಳಿಯಲ್ಲಿ ಕೂತು ತಿಂಗಳಿಗೆ 15,000 ನಿಗದಿ ಮಾಡಿ ಎಂದು ಕೇಳಿದರು. ಏಪ್ರಿಲ್‌ನಿಂದ 10,000 ಎಂಬ ಭರವಸೆ ತೆಗೆದುಕೊಂಡು ಎದ್ದರು. ಗೌರವ ಇರುವ ಕಡೆ ಧನ ಕೇಳಲು ಬೀದಿಯಲ್ಲಿ ಮಲಗಬೇಕಾಗುತ್ತದೆಯೇ? ಕೂಲಿಗೆ ಕೂಲಿ ಎನ್ನದೆ ಇಟ್ಟ ಹೆಸರೆಲ್ಲ ಬಿಟ್ಟಿ ದುಡಿಸಿಕೊಳ್ಳುವ ಹೆಸರೇ. ಬಿಟ್ಟಿ ಚಾಕರಿಯ ಚರಿತ್ರೆಯನ್ನು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಮೂರನೆಯವಳು 'ಮಂದಿರ'. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ದೇಶದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಹೆಸರನ್ನು 'ಆಯುಷ್ಮಾನ್ ಆರೋಗ್ಯ ಮಂದಿರ' ಎಂದು ಬದಲಾಯಿಸಿತು. ಆರೋಗ್ಯಕ್ಕೆ ಕೇಂದ್ರ ಸಾಲದು, ಮಂದಿರವೇ ಬೇಕು. ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಕೆರೆಯ ನೀರು ಮುಟ್ಟಿದ್ದಕ್ಕೆ ತಲೆಗಳು ಒಡೆದವು. 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಸತ್ಯಾಗ್ರಹ ಕೂತರು, ಬಾಗಿಲು ತೆರೆಯಲಿಲ್ಲ. ಆ ಜನರ ಮಕ್ಕಳು ಮೊಮ್ಮಕ್ಕಳು ಇವತ್ತು ಜ್ವರ ಬಂದರೆ ಮಂದಿರಕ್ಕೆ ಹೋಗಬೇಕಂತೆ. ಮಂದಿರದಲ್ಲಿ ಔಷಧ ಇಲ್ಲದಿದ್ದರೆ ಪ್ರಸಾದ ಅಂತಲಾದರೂ ಏನಾದರೂ ಕೊಡುತ್ತಾರೋ ನೋಡಬೇಕು. ಧರ್ಮಾಸ್ಪತ್ರೆ ಎಂದು ಅಜ್ಜಿ ಬಾಯಲ್ಲಿ ಆಡಿದ್ದನ್ನು ಸರ್ಕಾರ ಈಗ ಬಣ್ಣದಲ್ಲಿ ಬರೆಸಿದೆ, ವ್ಯತ್ಯಾಸ ಅಷ್ಟೇ.

ನಮ್ಮ ರಾಜ್ಯ 2022ರ ಡಿಸೆಂಬರಿನಲ್ಲಿ ಪಟ್ಟಣಗಳಲ್ಲಿ 'ನಮ್ಮ ಕ್ಲಿನಿಕ್' ತೆರೆಯಿತು. ಹೆಸರು ಒಳ್ಳೆಯದು. 'ನಮ್ಮ' ಎಂಬುದಕ್ಕಿಂತ ದೊಡ್ಡ ಪದ ಕನ್ನಡದಲ್ಲಿ ಇಲ್ಲ. ಆದರೆ ಆ 'ನಮ್ಮ' ಎನ್ನುವುದರಲ್ಲಿ ಪೌರಕಾರ್ಮಿಕರ ಕಾಲೋನಿ ಇದೆಯೋ, ಸ್ಲಮ್ಮಿನ ಕೊನೇ ಸಾಲು ಇದೆಯೋ, ಸಂಜೆ ಕೆಲಸ ಬಿಟ್ಟ ಮೇಲೆ ಬರುವವರಿಗೆ ಬಾಗಿಲು ತೆರೆದಿದೆಯೋ ಎಂದು ಹೋಗಿ ನೋಡಬೇಕು. ಹೆಸರು ಚೆನ್ನಾಗಿದೆ ಅಂತ ಅಳೆಯದೆ ಬಿಡುವುದೂ ಧರ್ಮದ ದಟ್ಟಿಗೆ ಕೈ ಮುಗಿದ ಹಾಗೆಯೇ.

೬

ಹಾಗಾದರೆ ಧರ್ಮ ಎಂಬ ಪದವನ್ನೇ ಸುಟ್ಟುಹಾಕೋಣವೇ? ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ನಮ್ಮ ತಾಯಂದಿರ ಬಾಯಲ್ಲಿ ಆ ಪದಕ್ಕೆ ಇನ್ನೊಂದು ಮೊನೆ ಇದೆ. ಗೌಡ ಕೂಲಿ ಮುರಿದಾಗ ಹೊಲದ ಬದುವಿನ ಮೇಲೆ ನಿಂತು 'ಇದು ಧರ್ಮಾನೇನಪ್ಪಾ?' ಎಂದು ಅವರು ಕೇಳುತ್ತಾರೆ. ಆಗ ಅವರು ಬೇಡುತ್ತಿಲ್ಲ, ವಿಚಾರಣೆ ನಡೆಸುತ್ತಿದ್ದಾರೆ. 'ಧರ್ಮ ಮಾಡಿ' ಎಂಬುದು ಬಾಗಿದ ಮಾತು. 'ಇದು ಧರ್ಮವೇ' ಎಂಬುದು ನೆಟ್ಟಗೆ ನಿಂತ ಮಾತು. ಎರಡೂ ಒಂದೇ ನಾಲಿಗೆಯ ಮೇಲಿವೆ.

ಈ ಎರಡನೆಯ ಅರ್ಥಕ್ಕೆ ಚರಿತ್ರೆಯೂ ಇದೆ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಶೋಕ ತನ್ನ ಎರಡನೆಯ ಬಂಡೆಗಲ್ಲು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿ ಗಿಡಗಳು ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದನ್ನು, ದಾರಿಗಳಲ್ಲಿ ಬಾವಿ ತೋಡಿಸಿದ್ದನ್ನು ಕೊರೆಸಿದ. ಅಶೋಕ ಎಂಬ ಹೆಸರನ್ನು ನೇರವಾಗಿ ಹೇಳುವ ಶಾಸನ ಸಿಕ್ಕಿದ್ದು ನಮ್ಮದೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಅವನ ಧಮ್ಮದಲ್ಲಿ ಔಷಧ ಎಂಬುದು ಆಳುವವನ ಕೆಲಸವಾಗಿತ್ತು; ಆ ಕೆಲಸವನ್ನು ಜನ ಓದಿ ನೋಡುವ ಹಾಗೆ ಬಯಲಿನಲ್ಲಿ, ಕಲ್ಲಿನ ಮೇಲೆ ಬರೆದಿಟ್ಟಿತ್ತು. ಅವನೂ ರಾಜನೇ, ಅವನ ಕೈಗೂ ಕಳಿಂಗದ ರಕ್ತ ಅಂಟಿತ್ತು, ಅವನನ್ನು ದೇವರು ಮಾಡುವುದು ಬೇಡ. ಕಲ್ಲಿನ ಮೇಲೆ ಬರೆದ ಮಾತಿಗೆ ಮಾತ್ರ ಯಾರು ಬೇಕಾದರೂ ಮೊಳ ಹಾಕಬಹುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಧರ್ಮವನ್ನು ಬಿಟ್ಟು ಧಮ್ಮವನ್ನು ಎತ್ತಿಕೊಂಡಾಗ ಪುಣ್ಯ ಪರಲೋಕಗಳನ್ನು ಕೆಳಗಿಟ್ಟು ಮನುಷ್ಯ ಮನುಷ್ಯನ ನಡುವಿನ ನ್ಯಾಯವನ್ನು ಎತ್ತಿಕೊಂಡರು. ಅದಕ್ಕೂ ಮುಂಚೆ 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ, ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಹೆರಿಗೆಯ ಹೊತ್ತಿನಲ್ಲಿ ವಿಶ್ರಾಂತಿ ಮತ್ತು ಭತ್ಯೆ ಸಿಗಬೇಕೆಂಬ ಮಸೂದೆಯ ಪರವಾಗಿ ಅವರು ಮಾತಾಡಿದ್ದರು. ಬಾಣಂತಿಗೆ ಕೊಡುವುದು ದಯೆ ಎಂದು ಅವರು ವಾದಿಸಲಿಲ್ಲ. ಅದು ನಾಡಿನ ಹಿತ, ಅದರ ಹೊರೆಯಲ್ಲಿ ಸರ್ಕಾರಕ್ಕೂ ಪಾಲಿದೆ ಎಂದು ವಾದಿಸಿದರು.

ಆದ್ದರಿಂದ ಧರ್ಮಾಸ್ಪತ್ರೆ ಎನ್ನುವ ಅಜ್ಜಿಯನ್ನು ನಾವು ತಿದ್ದಲು ಹೋಗಬೇಕಾಗಿಲ್ಲ. ಅವಳ ಪದದ ಮುಂದೆ ಅವಳದೇ ಪ್ರಶ್ನೆಯನ್ನು ತಂದಿಡಬೇಕು: ಅಜ್ಜೀ, ಧರ್ಮಾಸ್ಪತ್ರೆ ಅಂತೀಯ, ಅಲ್ಲಿ ನಡೆಯೋದು ಧರ್ಮಾನಾ? ನಾವಂತೂ ನಮ್ಮ ಬರಹದಲ್ಲಿ ಸರ್ಕಾರಿ ಆಸ್ಪತ್ರೆ ಎಂದೇ ಬರೆಯೋಣ. ಒಣಗಿದ ಪದ, ಚೆಂದ ಇಲ್ಲ. ಊರಾಸ್ಪತ್ರೆ ಎನ್ನೋಣ ಎಂದರೆ ಊರು ಎಂಬ ಪದದೊಳಗೆ ಕೇರಿ ಇನ್ನೂ ಸೇರಿಲ್ಲ. ಸರ್ಕಾರಿ ಎಂಬುದರಲ್ಲಿ ಒಂದು ಉಪಯೋಗ ಇದೆ: ಸರ್ಕಾರಕ್ಕೆ ಅರ್ಜಿ ಹಾಕಬಹುದು, ಸರ್ಕಾರದ ಮೇಲೆ ಕೇಸು ಹಾಕಬಹುದು, ಸರ್ಕಾರವನ್ನು ಇಳಿಸಬಹುದು. ಧರ್ಮಕ್ಕೆ ಬರೀ ಕೈ ಮುಗಿಯಬಹುದು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ಏಳನೇ ಎಂಟನೇ ತರಗತಿಯ ಮಕ್ಕಳನ್ನು ಒಂದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮುಂದೆ ನಿಲ್ಲಿಸಿ, ಅಲ್ಲಿ ಬರೆದಿರುವುದನ್ನೆಲ್ಲ ನೋಟು ಪುಸ್ತಕಕ್ಕೆ ಇಳಿಸಿಕೊಳ್ಳಲು ಹೇಳಿ. ಮನೆಗೆ ಹೋಗಿ ಅವ್ವನಿಗೆ, ಅಜ್ಜಿಗೆ ಓದಿ ಹೇಳಲಿ. ಅದಕ್ಕಿಂತ ಒಳ್ಳೆಯ ಕನ್ನಡ ಪಾಠ ಇಲ್ಲ. ಹಾಸ್ಟೆಲಿನ ಗೆಳೆಯರು ರಜೆಗೆ ಊರಿಗೆ ಹೋದಾಗ ಒಂದು ಪುಸ್ತಕ ಇಡಲಿ: ಯಾವ ದಿನ, ಯಾವ ಔಷಧ ಹೊರಗೆ ಬರೆದರು, ಅದಕ್ಕೆ ಎಷ್ಟು ಕೊಟ್ಟರು, ಯಾರಿಗೆ ಗಾಡಿ ಬರಲಿಲ್ಲ, ಯಾರನ್ನು ಮುಟ್ಟಿ ನೋಡಲಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಬಿಪಿಎಲ್ ಕಾರ್ಡಿನವರಿಗೆ ಅರ್ಜಿ ಶುಲ್ಕವೂ ಇಲ್ಲ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಬಂದ ಔಷಧ ಎಷ್ಟು, ಹಂಚಿದ್ದು ಎಷ್ಟು ಎಂದು ಆ ಅಜ್ಜಿಯ ಹೆಸರಿನಲ್ಲೇ ಕೇಳಿ. ಖಾಲಿ ಹುದ್ದೆಗಳ ನಡುವೆ ಒಬ್ಬರೇ ಮೂವರ ಕೆಲಸ ಎಳೆಯುತ್ತಿರುವ ನರ್ಸಮ್ಮನೂ, ಗುತ್ತಿಗೆಯಲ್ಲಿ ವಾರ್ಡು ಗುಡಿಸುವ ನಮ್ಮದೇ ಕೇರಿಯ ಹೆಂಗಸೂ ಆ ಲೆಕ್ಕದಲ್ಲಿ ನಮ್ಮ ಕಡೆಗೇ ಬರುತ್ತಾರೆ.

ನೂಲು ನಮ್ಮದು, ನೇಯ್ಗೆ ನಮ್ಮದು, ದಟ್ಟಿಯೂ ನಮ್ಮದು. ಅಳೆಯಲು ಇನ್ನು ಹಿತ್ತಲಿಗೆ ಹೋಗಬೇಕಾಗಿಲ್ಲ. ಅಂಗಳದಲ್ಲಿ, ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರಿಗೆ ಮೊಳ ಹಾಕೋಣ.